ಶಾಲೆ ಮುಚ್ಚಿದಾಗ ಫೋನ್ ಮಗುವಿನ ಕೈ ಸೇರಬೇಕಾದರೆ

“ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆಯಾ?” ಅಂತ ಕೇಳಿದರೆ ಈಗ ಹೆಚ್ಚಿನ ಮನೆಗಳಿಂದ “ಇದೆ ಸಾರ್” ಅನ್ನುವ ಉತ್ತರವೇ ಬರುತ್ತದೆ. ಆ ಒಂದು ಮಾತನ್ನು ನಂಬಿ ವೇಳಾಪಟ್ಟಿ ಹಾಕಿದ್ದರಿಂದ ಕೊರೊನಾ ಕಾಲದಲ್ಲಿ ಎಷ್ಟೋ ಮಕ್ಕಳು ಪಾಠದಿಂದ ಹೊರಗೆ ಉಳಿದರು. ಗ್ರಾಮೀಣ ಭಾರತದ ಮನೆಗಳನ್ನು ಸಮೀಕ್ಷೆ ಮಾಡುವ ‘ಅಸರ್’ ವರದಿ ಇದನ್ನು ಅಂಕಿಗಳಲ್ಲೇ ತೋರಿಸಿದೆ. ಶಾಲೆಗೆ ದಾಖಲಾದ ಮಕ್ಕಳ ಪೈಕಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರು 2018ರಲ್ಲಿ ಶೇ 36.5. 2021ರ ಹೊತ್ತಿಗೆ ಅದು ಶೇ 67.6ಕ್ಕೆ ಏರಿತು. ಆದರೆ ಹಾಗೆ ಫೋನ್ ಇದ್ದ ಮನೆಗಳಲ್ಲೂ ಕಾಲು ಭಾಗಕ್ಕಿಂತ ಹೆಚ್ಚು ಮಕ್ಕಳಿಗೆ ಅದು ಓದಲಿಕ್ಕೆ ಸಿಗುತ್ತಲೇ ಇರಲಿಲ್ಲ.

ಕಾರಣ ಎಲ್ಲರಿಗೂ ಗೊತ್ತಿರುವಂಥದ್ದೇ. ಫೋನ್ ಅಪ್ಪನದು, ಬೆಳಿಗ್ಗೆ ಅಪ್ಪನ ಜೊತೆ ಗಾರೆ ಕೆಲಸಕ್ಕೋ ಆಟೊ ಸ್ಟ್ಯಾಂಡಿಗೋ ಹೋಗುತ್ತದೆ, ರಾತ್ರಿ ಬರುತ್ತದೆ. ಹಾಗಾಗಿ ಎಣಿಸಬೇಕಾದದ್ದು ಮನೆಯಲ್ಲಿ ಎಷ್ಟು ಫೋನ್ ಇವೆ ಎಂಬುದನ್ನಲ್ಲ. ದಿನದಲ್ಲಿ ಎಷ್ಟು ಹೊತ್ತು ಫೋನ್ ಮಗುವಿನ ಕೈಯಲ್ಲಿ ಇರುತ್ತದೆ ಎಂಬುದನ್ನು ಎಣಿಸಬೇಕು. ಈ ಬರಹದಲ್ಲಿ ಮುಂದೆ ಹೇಳುವ ಪ್ರತಿ ಹೆಜ್ಜೆಯೂ ಆ ಹೊತ್ತನ್ನು ಹೆಚ್ಚಿಸುವುದಕ್ಕಾಗಿಯೇ.

ಕೊರೊನಾ ಮುಗಿಯಿತಲ್ಲ, ಈಗೇಕೆ ಇದು ಎನ್ನಬೇಡಿ. ದಕ್ಷಿಣ ಕನ್ನಡ, ಉಡುಪಿ, ಕೊಡಗಿನಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ರಜೆ ಘೋಷಿಸುವುದು ಪ್ರತಿ ಮಳೆಗಾಲದ ಮಾತು. 2023ರ ಸೆಪ್ಟೆಂಬರ್‌ನಲ್ಲಿ ನಿಫಾ ಸೋಂಕು ಬಂದಾಗ ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಶಾಲೆಗಳು ಮುಚ್ಚಿ ಪಾಠ ಆನ್‌ಲೈನ್‌ಗೆ ಹೋಯಿತು. 2024ರ ನವೆಂಬರ್‌ನಲ್ಲಿ ದೆಹಲಿಯ ಮಕ್ಕಳು ಹೊಗೆಯ ಕಾರಣಕ್ಕೆ ಮನೆಯಲ್ಲಿ ಕೂತರು. ಬಾಗಿಲು ಮುಚ್ಚಿದ ದಿನ ಸಿದ್ಧತೆ ಶುರು ಮಾಡಿದರೆ ತಡವಾಗುತ್ತದೆ. ಶಾಲೆ ತೆರೆದಿರುವಾಗಲೇ ಇದನ್ನು ಮಾಡಿಟ್ಟುಕೊಳ್ಳಬೇಕು.

ಮೊದಲ ಹೆಜ್ಜೆ: ಸರಿಯಾದ ಪ್ರಶ್ನೆ ಕೇಳಿ ಪಟ್ಟಿ ಮಾಡಿ

ಈ ಕೆಲಸಕ್ಕೆ ತರಗತಿ ಶಿಕ್ಷಕರೇ ಸರಿ. ಜೊತೆಗೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಒಬ್ಬ ಸದಸ್ಯರು ಇದ್ದರೆ ಮನೆಯವರು ಬಿಚ್ಚುಮನಸ್ಸಿನಿಂದ ಮಾತಾಡುತ್ತಾರೆ. ಮಗುವನ್ನು ತರಗತಿಯಲ್ಲಿ ನಿಲ್ಲಿಸಿ “ನಿಮ್ಮನೇಲಿ ಫೋನ್ ಇದೆಯೇನೋ?” ಎಂದು ಕೇಳಬೇಡಿ. ಇಲ್ಲ ಎನ್ನಲು ಮಕ್ಕಳಿಗೆ ನಾಚಿಕೆಯಾಗುತ್ತದೆ, ಇದೆ ಅಂತ ಹೇಳಿಬಿಡುತ್ತಾರೆ. ಮನೆಗೆ ಹೋಗಿ, ಇಲ್ಲವೇ ಪೋಷಕರ ಸಭೆಯ ದಿನ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ.

ಕೇಳಬೇಕಾದದ್ದು ಇಷ್ಟು: ಫೋನ್ ಯಾರದು? ಬೆಳಿಗ್ಗೆ ಎಷ್ಟು ಹೊತ್ತಿಗೆ ಮನೆಯಿಂದ ಹೋಗುತ್ತದೆ, ಎಷ್ಟಕ್ಕೆ ಬರುತ್ತದೆ? ಕೀಪ್ಯಾಡ್ ಫೋನೋ ಸ್ಮಾರ್ಟ್‌ಫೋನೋ? ತಿಂಗಳಿಡೀ ರೀಚಾರ್ಜ್ ಇರುತ್ತದೆಯೇ, ಕೂಲಿ ಸಿಕ್ಕ ವಾರ ಮಾತ್ರವೇ? ಮನೆಯೊಳಗೆ ಸಿಗ್ನಲ್ ಸಿಗುತ್ತದೆಯೇ, ಯಾವ ಸಿಮ್‌ಗೆ ಸಿಗುತ್ತದೆ? ಕರೆಂಟು ಹೋದರೆ ಎಷ್ಟು ಹೊತ್ತು ಬರುವುದಿಲ್ಲ? ಓದುವ ಮಕ್ಕಳು ಎಷ್ಟು ಜನ, ಯಾವ ಯಾವ ತರಗತಿ? ಟಿವಿ ಇದೆಯೇ, ಇದ್ದರೆ ಕೇಬಲ್ಲೋ ಡಿಶ್ಶೋ?

ಕೊನೆಯಲ್ಲಿ ಇನ್ನೊಂದು ನಂಬರ್ ಬರೆದುಕೊಳ್ಳಿ: ಮನೆಯವರ ಫೋನ್ ಹತ್ತದಿದ್ದಾಗ ಸಿಗುವ ಚಿಕ್ಕಪ್ಪನದೋ ಅಂಗಡಿಯವರದೋ ಪಕ್ಕದ ಮನೆಯವರದೋ ನಂಬರ್. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರ ಸಿಮ್ ಬದಲಾಗುತ್ತಲೇ ಇರುತ್ತದೆ. ಆ ಎರಡನೇ ನಂಬರ್ ಇಲ್ಲದಿದ್ದರೆ ಮಗು ಎಲ್ಲಿಗೆ ಹೋಯಿತೆಂದು ತಿಳಿಯುವ ದಾರಿಯೇ ಇರುವುದಿಲ್ಲ.

ಶಿಕ್ಷಕರೇ ಮಕ್ಕಳ ವಠಾರಕ್ಕೆ ಹೋಗಿ ಪಾಠ ಮಾಡಲೆಂದು 2020ರ ಆಗಸ್ಟ್‌ನಲ್ಲಿ ಶುರುವಾದ ‘ವಿದ್ಯಾಗಮ’ದಲ್ಲಿ ನಮ್ಮ ರಾಜ್ಯದ ಶಿಕ್ಷಣ ಇಲಾಖೆ ಮಕ್ಕಳನ್ನು ಮೂರು ಗುಂಪು ಮಾಡಿತ್ತು: ಯಾವ ಸಾಧನವೂ ಇಲ್ಲದವರು, ಸಾದಾ ಫೋನ್ ಇರುವವರು, ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನ್ ಉಳ್ಳವರು. ಒಳ್ಳೆಯ ವಿಂಗಡಣೆ ಅದು. ನೀವು ಅದಕ್ಕೆ ನಾಲ್ಕನೆಯದನ್ನು ಸೇರಿಸಿ: ಫೋನ್ ಸಂಜೆ ಮಾತ್ರ ಸಿಗುವವರು. ಪಟ್ಟಿ ಮುಗಿಸಿ ನೋಡಿ, ಬಹಳಷ್ಟು ಶಾಲೆಗಳಲ್ಲಿ ಈ ಗುಂಪೇ ಎಲ್ಲಕ್ಕಿಂತ ದೊಡ್ಡದಾಗಿರುತ್ತದೆ.

ಎರಡನೇ ಹೆಜ್ಜೆ: ಒಂದೇ ಫೋನನ್ನು ಮೂವರಿಗೆ ಹಂಚುವುದು

ಕೇಂದ್ರ ಶಿಕ್ಷಣ ಸಚಿವಾಲಯ 2020ರ ಜುಲೈನಲ್ಲಿ ‘ಪ್ರಜ್ಞಾತಾ’ ಹೆಸರಿನ ಮಾರ್ಗಸೂಚಿ ಹೊರಡಿಸಿ ಆನ್‌ಲೈನ್ ಪಾಠದ ಹೊತ್ತಿಗೆ ಮಿತಿ ಹಾಕಿತು. ಅಂಗನವಾಡಿ, ಎಲ್‌ಕೆಜಿ ವಯಸ್ಸಿನ ಮಕ್ಕಳಿಗೆ ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಡ. 1ರಿಂದ 8ನೇ ತರಗತಿಗೆ 30ರಿಂದ 45 ನಿಮಿಷದ ಎರಡು ಅವಧಿ. 9ರಿಂದ 12ಕ್ಕೆ ಅಂಥವು ನಾಲ್ಕು. ಇವು ಗರಿಷ್ಠ ಮಿತಿ ಎಂಬುದನ್ನು ನೆನಪಿಡಿ.

ಈಗ ಒಂದು ಮನೆಯ ಲೆಕ್ಕ ಹಾಕೋಣ. ಅಕ್ಕ 10ನೇ ತರಗತಿ, ತಮ್ಮ 7, ಪುಟ್ಟಿ 3. ಅಕ್ಕನಿಗೆ ಹೆಚ್ಚೆಂದರೆ ಮೂರು ಗಂಟೆ, ಉಳಿದಿಬ್ಬರಿಗೆ ಒಂದೂವರೆ ಒಂದೂವರೆ. ಒಟ್ಟು ಆರು ಗಂಟೆ. ಫೋನ್ ಮನೆಗೆ ಬರುವುದು ಸಂಜೆ ಏಳಕ್ಕೆ. ಬೆಳಿಗ್ಗೆ ಹತ್ತಕ್ಕೆ ಲೈವ್ ತರಗತಿ ಇಟ್ಟರೆ ಈ ಮನೆಯ ಮೂವರಲ್ಲಿ ಒಬ್ಬರೂ ಪಾಠ ಕೇಳುವುದಿಲ್ಲ.

ಇದಕ್ಕೆ ಶಾಲೆ ಮಾಡಬೇಕಾದದ್ದು ಒಂದು, ಮನೆ ಮಾಡಬೇಕಾದದ್ದು ಒಂದು. ಶಾಲೆಯವರು ಲೈವ್ ತರಗತಿಯನ್ನು ವಾರಕ್ಕೆ ಒಂದೆರಡಕ್ಕೆ ಇಳಿಸಿ ಸಂಜೆಗೆ ಇಟ್ಟುಕೊಳ್ಳಲಿ. ಉಳಿದ ಪಾಠವನ್ನು ಚಿಕ್ಕ ಧ್ವನಿ ಸಂದೇಶ, ಬೋರ್ಡಿನ ಫೋಟೊ, ಹತ್ತು ನಿಮಿಷ ಮೀರದ ವಿಡಿಯೊ ರೂಪದಲ್ಲಿ ಕಳಿಸಲಿ. ಫೋನ್ ಬಂದ ಮೇಲೆ ಮಕ್ಕಳು ಕೇಳಿಸಿಕೊಳ್ಳುತ್ತಾರೆ, ನೋಟ್ಸ್ ಇಳಿಸಿಕೊಳ್ಳುತ್ತಾರೆ, ಮರುದಿನ ಹಗಲು ಫೋನ್ ಇಲ್ಲದೆಯೇ ಅಭ್ಯಾಸ ಮಾಡುತ್ತಾರೆ. ಆಗ ಆರು ಗಂಟೆಯ ಕೆಲಸ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಮಕ್ಕಳ ಕಣ್ಣಿಗೂ ಅದೇ ಒಳ್ಳೆಯದು.

ಮನೆಯವರು ಸರದಿಯನ್ನು ಬರೆದು ಗೋಡೆಗೆ ಅಂಟಿಸಬೇಕು. ಬಾಯಿಮಾತಿನಲ್ಲಿ ಉಳಿದರೆ ದೊಡ್ಡವರು ಕಿತ್ತುಕೊಳ್ಳುತ್ತಾರೆ. ಮೊದಲ ಸರದಿ ಪುಟ್ಟಿಯದು ಇರಲಿ. ಎಂಟು ಗಂಟೆಗೆ ನಿದ್ದೆ ಹತ್ತುವುದು ಅವಳಿಗೆ, ಪಕ್ಕದಲ್ಲಿ ಅಮ್ಮನೋ ಅಕ್ಕನೋ ಕೂರಬೇಕಾದದ್ದೂ ಅವಳಿಗೇ. ಹತ್ತನೆಯವಳಿಗೆ ಊಟದ ನಂತರದ ಹೊತ್ತು, ಬೆಳಗಿನ ಜಾವ ಇನ್ನೊಂದು ಗಂಟೆ. ಪರೀಕ್ಷೆ ಹತ್ತಿರ ಬಂದಾಗ ಲೆಕ್ಕ ಬದಲಾಗಬಹುದು.

ತಂದೆತಾಯಂದಿರಿಗೆ ಕೈಮುಗಿದು ಹೇಳುವ ಮಾತು ಇನ್ನೊಂದಿದೆ. ಒಂದೇ ಫೋನ್ ಇದ್ದಾಗ ಅದು ಹುಡುಗನ ಕೈಗೆ ಹೋಗಿ ಹುಡುಗಿ ಪಾತ್ರೆ ತೊಳೆಯುತ್ತಾ ಕೂರುವುದು ತುಂಬಾ ಮನೆಗಳಲ್ಲಿ ನಡೆಯುತ್ತದೆ. “ಅವಳು ಆಮೇಲೆ ನೋಡ್ಕೋತಾಳೆ” ಎನ್ನುವಾಗಿನ ಆ ‘ಆಮೇಲೆ’ ಬರುವುದೇ ಇಲ್ಲ. ಸರದಿಯ ಚೀಟಿಯಲ್ಲಿ ಮಗಳ ಹೆಸರಿನ ಮುಂದೆ ಗಂಟೆ ಬರೆದಿರಲಿ. ಆ ಗಂಟೆಯಲ್ಲಿ ಅವಳಿಗೆ ಬೇರೆ ಕೆಲಸ ಹೇಳಬೇಡಿ.

ಮೂರನೇ ಹೆಜ್ಜೆ: ಹಳೆಯ ಫೋನ್ ಹೊಂದಿಸುವುದು

ಹೊಸ ಫೋನ್‌ಗಾಗಿ ಬಡ್ಡಿ ಸಾಲ ಮಾಡುವುದಾಗಲಿ, ಚಿನ್ನ ಅಡವಿಡುವುದಾಗಲಿ ಬೇಡ. ಕೊರೊನಾ ಕಾಲದಲ್ಲಿ ಹಾಗೆ ಮಾಡಿದವರು ಕಡಿಮೆಯಿಲ್ಲ. ಬೆಂಗಳೂರು, ಮುಂಬೈ, ದುಬೈ ಸೇರಿರುವ ಊರಿನವರ ಮನೆಯ ಮೇಜಿನ ಡ್ರಾಯರ್‌ಗಳಲ್ಲಿ ಬಳಸದೆ ಇಟ್ಟ ಫೋನ್‌ಗಳು ಎಷ್ಟೋ ಇವೆ. ಹಳೆ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ “ಯಾರಾದರೂ ಸಹಾಯ ಮಾಡಿ” ಎಂದು ಹಾಕಿದರೆ ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿ ಸುಮ್ಮನಾಗುತ್ತಾರೆ. “8ನೇ ತರಗತಿಯ ನಾಲ್ಕು ಮಕ್ಕಳಿಗೆ, ಚಾರ್ಜರ್ ಸಮೇತ ನಾಲ್ಕು ಫೋನ್ ಬೇಕು, ಶನಿವಾರದೊಳಗೆ” ಎಂದು ಬರೆಯಿರಿ. ಮಕ್ಕಳ ಹೆಸರು, ಫೋಟೊ ಮಾತ್ರ ಬೇಡ.

ಕೊಡುವವರು ತಪ್ಪದೆ ಮಾಡಬೇಕಾದದ್ದೊಂದಿದೆ. ಆಂಡ್ರಾಯ್ಡ್ ಫೋನಿನಲ್ಲಿ ತಮ್ಮ ಗೂಗಲ್ ಖಾತೆಯನ್ನು ಮೊದಲು ತೆಗೆದುಹಾಕಿ, ಸ್ಕ್ರೀನ್ ಲಾಕ್ ತೆಗೆದು, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಬೇಕು. ಖಾತೆ ಇರುವಾಗಲೇ ಬಟನ್ ಒತ್ತಿ ರೀಸೆಟ್ ಮಾಡಿಬಿಟ್ಟರೆ, ತೆರೆದಾಗ ಫೋನ್ ಹಳೆಯ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಕೊಟ್ಟವರಿಗೆ ಅದು ನೆನಪಿಲ್ಲದಿದ್ದರೆ ಆ ಫೋನ್ ಇದ್ದೂ ಇಲ್ಲದಂತೆ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಫೋನ್‌ಗಳೂ ಹೀಗೆ ಬೀರುವಿನಲ್ಲಿ ಉಳಿದುಬಿಡುತ್ತವೆ. ಐಫೋನ್ ಆದರೆ ಆ್ಯಪಲ್ ಖಾತೆಯಿಂದ ಸೈನ್ ಔಟ್ ಆಗುವುದೂ ಅಷ್ಟೇ ಮುಖ್ಯ. ಸಿಮ್, ಮೆಮೊರಿ ಕಾರ್ಡ್ ತೆಗೆದುಕೊಂಡು ಕೊಡಿ.

ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮೊದಲು ಅದು ಕದ್ದ ಮಾಲು ಅಲ್ಲವೆಂದು ಖಾತ್ರಿ ಮಾಡಿಕೊಳ್ಳಿ. *#06# ಒತ್ತಿದರೆ 15 ಅಂಕಿಯ ಐಎಂಇಐ ನಂಬರ್ ಕಾಣುತ್ತದೆ. ಇಂಗ್ಲಿಷಿನ ಕೆ, ವೈ, ಎಂ ಅಕ್ಷರಗಳನ್ನು ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಆ ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಕಂಪನಿ, ಮಾಡೆಲ್ ವಿವರ ವಾಪಸ್ ಬರುತ್ತದೆ. ಕೈಯಲ್ಲಿರುವ ಫೋನಿಗೂ ಆ ವಿವರಕ್ಕೂ ತಾಳೆಯಾಗದಿದ್ದರೆ, ಅಥವಾ ಕಪ್ಪುಪಟ್ಟಿಯಲ್ಲಿದೆ ಎಂದು ಬಂದರೆ, ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಬಿಲ್ ಕೇಳಿ ಪಡೆಯಿರಿ.

ಆಮೇಲೆ ಫೋನನ್ನು ಅಂಗಡಿಯಲ್ಲೇ ಪರೀಕ್ಷಿಸಿ. ಯಾರಿಗಾದರೂ ಕರೆ ಮಾಡಿ ಮೈಕ್, ಸ್ಪೀಕರ್ ನೋಡಿ. ಚಾರ್ಜರ್ ಸಿಕ್ಕಿಸಿ ಅಲ್ಲಾಡಿಸಿ, ಪಿನ್ ಸಡಿಲವಿದ್ದರೆ ಮೂರು ತಿಂಗಳೂ ಬಾಳದು. ಮೇಜಿನ ಮೇಲೆ ಅಂಗಾತ ಇಟ್ಟಾಗ ಹಿಂಭಾಗ ಉಬ್ಬಿ ಫೋನ್ ತಿರುಗುವಂತಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅದು ಬೆಂಕಿಯ ಅಪಾಯ, ಮಗುವಿನ ಕೈಗೆ ಕೊಡಬೇಡಿ. ಒಳಗಿನ ಜಾಗ 32 ಜಿಬಿಗಿಂತ ಕಡಿಮೆ ಇದ್ದರೆ ವಾಟ್ಸ್‌ಆ್ಯಪ್ ಒಂದೇ ಅದನ್ನು ತುಂಬಿಸಿಬಿಡುತ್ತದೆ. ಆಂಡ್ರಾಯ್ಡ್ ತೀರಾ ಹಳೆಯದಾದರೆ ಬೇಕಾದ ಆ್ಯಪ್‌ಗಳು ಇಳಿಯುವುದೇ ಇಲ್ಲ. ಆದ್ದರಿಂದ ವಾಟ್ಸ್‌ಆ್ಯಪ್ ಮತ್ತು ಸರ್ಕಾರದ ಪಾಠದ ಆ್ಯಪ್ ದೀಕ್ಷಾ ಎರಡನ್ನೂ ಅಂಗಡಿಯವರ ಎದುರೇ ಇಳಿಸಿ ತೆರೆದು ನೋಡಿ, ಆಮೇಲೆ ದುಡ್ಡು ಕೊಡಿ.

ಶಾಲೆಯೇ ಫೋನ್ ಎರವಲು ಕೊಡುವುದಾದರೆ ಒಂದು ರಿಜಿಸ್ಟರ್, ಪ್ರತಿ ಫೋನಿಗೂ ಚಾರ್ಜರ್‌ಗೂ ಒಂದೇ ನಂಬರಿನ ಸ್ಟಿಕ್ಕರ್, ಪೋಷಕರ ಸಹಿ, ಇಷ್ಟು ಸಾಕು. ಒಡೆದರೆ ದಂಡ ಇಲ್ಲ ಎಂದು ಸಹಿ ಹಾಕಿಸುವ ಮೊದಲೇ ಬಾಯಿಬಿಟ್ಟು ಹೇಳಿ. ಕೂಲಿ ಮಾಡುವ ಮನೆಯವರು ಫೋನ್ ಬೇಡ ಎನ್ನುವುದು ಬಹಳ ಸಲ ಆ ದಂಡದ ಭಯಕ್ಕೇ.

ನಾಲ್ಕನೇ ಹೆಜ್ಜೆ: ರೀಚಾರ್ಜ್ ಮತ್ತು ಸಿಗ್ನಲ್

ದಿನಕ್ಕಿಷ್ಟು ಜಿಬಿ ಎಂಬ ಪ್ಯಾಕ್‌ಗಳಲ್ಲಿ ಅಂದಿನ ಪಾಲು ಮುಗಿದ ಮೇಲೆ ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ ವಿಡಿಯೊ ಓಡುವುದಿಲ್ಲ, ಆದರೆ ಧ್ವನಿ ಸಂದೇಶ ನಿಧಾನವಾಗಿ ಇಳಿಯುತ್ತದೆ. ಪಾಠವನ್ನು ಧ್ವನಿಯಲ್ಲಿ ಕಳಿಸಿ ಎಂದು ಮೊದಲೇ ಹೇಳಿದ್ದು ಇದಕ್ಕೂ ಸೇರಿಯೇ.

ಡೇಟಾ ಉಳಿಸಲು ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಫೋಟೊ, ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ನೆಂಟರ ಗುಂಪಿನ ಶುಭೋದಯದ ವಿಡಿಯೊಗಳೇ ಮಗುವಿನ ಪಾಠದ ಡೇಟಾ ತಿಂದುಹಾಕುತ್ತವೆ. ಯೂಟ್ಯೂಬ್‌ನಲ್ಲಿ ಗುಣಮಟ್ಟವನ್ನು 240ಪಿಗೆ ಇಳಿಸಿ. ಕಪ್ಪು ಹಲಗೆಯ ಬರಹ ಅದರಲ್ಲೂ ಕಾಣುತ್ತದೆ. ಕರ್ನಾಟಕದ ಪಠ್ಯಪುಸ್ತಕಗಳಲ್ಲಿ ಪಾಠದ ಜೊತೆಗೆ ಅಚ್ಚಾಗಿರುವ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ ಸಾಮಗ್ರಿ ತೆರೆಯುತ್ತದೆ. ಒಮ್ಮೆ ಇಳಿಸಿಕೊಂಡರೆ ಮತ್ತೆ ಇಂಟರ್ನೆಟ್ ಬೇಡ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪುಸ್ತಕಗಳ ಪಿಡಿಎಫ್ ಉಚಿತವಾಗಿ ಸಿಗುತ್ತದೆ.

ಶಿಕ್ಷಕರಿಗೆ ನನ್ನ ಸಲಹೆ: ಒಂದು ತಿಂಗಳ ಪಾಠವನ್ನೆಲ್ಲ ಮೆಮೊರಿ ಕಾರ್ಡಿಗೆ ಹಾಕಿ ಕೊಡಿ. ಸಿಗ್ನಲ್ ಇಲ್ಲದ ಮನೆಗೆ ಇದಕ್ಕಿಂತ ಉಪಕಾರವಾದದ್ದು ಇಲ್ಲ. ಒಬ್ಬ ಮಗುವಿನ ಫೋನಿಂದ ಇನ್ನೊಬ್ಬರಿಗೆ ಬ್ಲೂಟೂತ್ ಅಥವಾ ಕ್ವಿಕ್ ಶೇರ್‌ನಲ್ಲಿ ಕಳಿಸಿದರೆ ಡೇಟಾ ಖರ್ಚೇ ಆಗುವುದಿಲ್ಲ.

ಇನ್ನು ಸಿಗ್ನಲ್. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನಲ್ಲಿ ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಫೋಟೊವನ್ನು ನಾವೆಲ್ಲ ನೋಡಿದ್ದೇವೆ, ಮೆಚ್ಚಿದ್ದೇವೆ. ಒಂದು ಮಗು ಮಳೆಯಲ್ಲಿ ಕೂರಬೇಕಾಗಿ ಬರಬಾರದಿತ್ತು ಎಂದು ಅಷ್ಟೇ ಗಟ್ಟಿಯಾಗಿ ಹೇಳಬೇಕು. ಮಲೆನಾಡು, ಕರಾವಳಿಯ ಕಾಡಂಚಿನ ಊರುಗಳಲ್ಲಿ ಮಕ್ಕಳು ಒಬ್ಬೊಬ್ಬರೇ ಗುಡ್ಡ ಹತ್ತುವುದನ್ನು ಬಿಡಿಸಿ, ಸಿಗ್ನಲ್ ಸಿಗುವ ಒಂದು ಸೂರಿರುವ ಜಾಗವನ್ನು ಊರೇ ಸೇರಿ ಗೊತ್ತುಮಾಡಲಿ: ಶಾಲೆಯ ಜಗುಲಿ, ಹಾಲಿನ ಡೇರಿ, ಸಮುದಾಯ ಭವನ, ಯಾರದಾದರೂ ಮನೆಯ ಚಾವಡಿ. ಒಬ್ಬ ಹಿರಿಯರು ಅಲ್ಲಿರಲಿ. ಗುಡುಗು ಶುರುವಾದರೆ ಪಾಠ ನಿಲ್ಲಿಸಿ ಎಲ್ಲರೂ ಒಳಗಿರಲಿ.

ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ಮರೆಯಬೇಡಿ. ಈಗ ಅದಕ್ಕೆ ‘ಅರಿವು ಕೇಂದ್ರ’ ಎಂಬ ಹೆಸರು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗಲೇ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲು ಶುರುಮಾಡಿದರು. ಎಷ್ಟೋ ಕೇಂದ್ರಗಳಲ್ಲಿ ಈಗ ಕಂಪ್ಯೂಟರ್, ಇಂಟರ್ನೆಟ್ ಇವೆ. ನಿಮ್ಮ ಊರಿನದರಲ್ಲಿ ಏನಿದೆ, ಕೆಟ್ಟು ನಿಂತದ್ದು ಯಾವುದು, ಎಷ್ಟು ಹೊತ್ತು ತೆರೆದಿರುತ್ತದೆ ಎಂದು ಇವತ್ತೇ ಹೋಗಿ ನೋಡಿ. ಸರಿಯಿಲ್ಲದಿದ್ದರೆ ಗ್ರಾಮಸಭೆಯಲ್ಲಿ ಎತ್ತಿ. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಕೇಳಿದರೆ ಇನ್ನೂ ಒಳ್ಳೆಯದು.

ಐದನೇ ಹೆಜ್ಜೆ: ಫೋನೇ ಇಲ್ಲದ ಮನೆಗೆ

ಏನು ಮಾಡಿದರೂ ಕೆಲವು ಮನೆಗಳಿಗೆ ಸ್ಮಾರ್ಟ್‌ಫೋನ್ ಮುಟ್ಟುವುದಿಲ್ಲ. ಅಲ್ಲಿನ ಮಕ್ಕಳನ್ನು ಪಟ್ಟಿಯ ಕೊನೆಗೆ ತಳ್ಳಬೇಡಿ, ಅವರಿಂದಲೇ ಶುರು ಮಾಡಿ.

ಕೀಪ್ಯಾಡ್ ಫೋನ್ ಇದ್ದರೆ ಕಾನ್ಫರೆನ್ಸ್ ಕರೆ ಸಾಧ್ಯ. ಶಿಕ್ಷಕರು ಒಮ್ಮೆಗೆ ಐದು ಮಕ್ಕಳನ್ನು ಒಂದೇ ಕರೆಯಲ್ಲಿ ಸೇರಿಸಿಕೊಳ್ಳಬಹುದು. ಹದಿನೈದು ನಿಮಿಷ ಸಾಕು: ನಿನ್ನೆಯ ಲೆಕ್ಕ ಯಾರು ಮಾಡಿದಿರಿ, ಎಲ್ಲಿ ಸಿಕ್ಕಿಕೊಂಡಿರಿ, ಪುಸ್ತಕದ ಯಾವ ಪುಟ. ಮಕ್ಕಳಿಗೆ ಬೇಕಾದದ್ದು ಬಹಳ ಮಟ್ಟಿಗೆ ಮೇಷ್ಟ್ರ ದನಿಯೇ.

ಟಿವಿ ಇದ್ದರೆ ದೂರದರ್ಶನ ಚಂದನ. 2020ರ ಜುಲೈನಲ್ಲಿ 8, 9, 10ನೇ ತರಗತಿಗೆ ‘ಸಂವೇದ’ ಪಾಠಗಳು ಶುರುವಾದದ್ದು ಅದರಲ್ಲೇ. ಡಿಡಿ ಫ್ರೀ ಡಿಶ್ ಹಾಕಿಸಿದರೆ ತಿಂಗಳ ಬಾಡಿಗೆ ಇಲ್ಲ. ತರಗತಿಗೊಂದು ಚಾನೆಲ್ ಎಂಬ ಪಿಎಂ ಇ-ವಿದ್ಯಾ ಚಾನೆಲ್‌ಗಳೂ ಅದರಲ್ಲಿ ಬರುತ್ತವೆ. ಟಿವಿ ಪಾಠದ ಕೊರತೆಯೆಂದರೆ ಪ್ರಶ್ನೆ ಕೇಳಲಾಗದು. ಹಾಗಾಗಿ ಪಾಠದ ಮರುದಿನವೇ ಆ ಪಾಠದ ಮೇಲೆ ಶಿಕ್ಷಕರ ಕರೆ ಇರಲಿ.

ಏನೂ ಇಲ್ಲದ ಕಡೆ ವಾರಕ್ಕೊಮ್ಮೆ ಅಭ್ಯಾಸ ಹಾಳೆ ಮನೆ ಬಾಗಿಲಿಗೆ ಹೋಗಬೇಕು, ತಿದ್ದಿ ವಾಪಸ್ ಬರಬೇಕು. ಮಳೆ, ಬಿಸಿಲಿನ ರಜೆಯಲ್ಲಿ ವಿದ್ಯಾಗಮದ ಹಾಗೆ ವಠಾರದಲ್ಲಿ ಐದಾರು ಮಕ್ಕಳನ್ನು ಸೇರಿಸಿ ಪಾಠ ಮಾಡಬಹುದು. ಸೋಂಕಿನ ಕಾರಣಕ್ಕೆ ಮುಚ್ಚಿದಾಗ ಎಚ್ಚರ ಬೇಕು: ಸೋಂಕಿನ ಸುದ್ದಿಗಳು ಬಂದ ಮೇಲೆ 2020ರ ಅಕ್ಟೋಬರ್‌ನಲ್ಲಿ ವಿದ್ಯಾಗಮವನ್ನೇ ನಿಲ್ಲಿಸಬೇಕಾಯಿತು.

ಆರನೇ ಹೆಜ್ಜೆ: ಕೈಗೆ ಕೊಡುವ ಮುಂಚೆ

ಮನೆಯವರ ಫೋನೇ ಮಗುವಿನ ಕೈಗೆ ಹೋಗುವುದಾದರೆ ಫೋನ್‌ಪೇ, ಗೂಗಲ್‌ಪೇ, ಬ್ಯಾಂಕ್ ಆ್ಯಪ್‌ಗಳಿಗೆ ಲಾಕ್ ಹಾಕಿ, ಯುಪಿಐ ಪಿನ್ ಮಗುವಿಗೆ ತಿಳಿಯದಿರಲಿ. ಪ್ಲೇ ಸ್ಟೋರ್‌ನಲ್ಲಿ ಖರೀದಿಗೆ ಪಾಸ್‌ವರ್ಡ್ ಕೇಳುವಂತೆ ಮಾಡಿ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳ ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಪಿನ್ ಮಾಡುವ ಸೌಲಭ್ಯವಿದೆ. ಪಾಠದ ಆ್ಯಪನ್ನು ಪಿನ್ ಮಾಡಿ ಕೊಟ್ಟರೆ ಲಾಕ್ ತೆಗೆಯದೆ ಬೇರೆ ಕಡೆ ಹೋಗಲಾಗದು. ಚಿಕ್ಕ ಮಕ್ಕಳಿಗೆ ಇದು ಸಾಕು. ದೊಡ್ಡವರಿಗೆ ಕಾವಲಿಗಿಂತ ಮಾತು ಮುಖ್ಯ: ಒಟಿಪಿ ಯಾರಿಗೂ ಹೇಳಬೇಡ, ಗುರುತಿಲ್ಲದವರು ಫೋಟೊ ಕೇಳಿದರೆ ನನಗೆ ಹೇಳು, ನಾನು ಬೈಯುವುದಿಲ್ಲ. ಆ ಕೊನೆಯ ಮಾತನ್ನು ಉಳಿಸಿಕೊಳ್ಳಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಮಗುವಿಗೆ ಯಾವುದೇ ತೊಂದರೆಯಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಕಣ್ಣು ಕಾಣದ ಮಗುವಿನ ಫೋನಿನಲ್ಲಿ, ಪರದೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಆನ್ ಮಾಡಿ, ಗೂಗಲ್‌ನ ಕನ್ನಡ ಧ್ವನಿಯನ್ನು ಇಳಿಸಿಕೊಡಿ. ಪಾಠದ ಬರಹವನ್ನು ಫೋಟೊ ತೆಗೆದು ಕಳಿಸಿದರೆ ಟಾಕ್‌ಬ್ಯಾಕ್‌ಗೆ ಅದನ್ನು ಓದಿ ಹೇಳುವುದು ಕಷ್ಟ, ಟೈಪ್ ಮಾಡಿಯೇ ಕಳಿಸಬೇಕು. ಕಿವಿ ಕೇಳದ ಮಗುವಿಗೆ ಧ್ವನಿ ಸಂದೇಶದ ಜೊತೆ ಅದರ ಬರಹವೂ ಹೋಗಲಿ.

ಏಳನೇ ಹೆಜ್ಜೆ: ಯಾರು ಕಾಣುತ್ತಿಲ್ಲ?

ಪ್ರತಿ ಶನಿವಾರ ಶಿಕ್ಷಕರು ಪಟ್ಟಿ ತೆರೆದು ಈ ವಾರ ಒಮ್ಮೆಯೂ ಉತ್ತರ ಕೊಡದ ಮಕ್ಕಳ ಹೆಸರಿಗೆ ಗುರುತು ಹಾಕಲಿ. ಎರಡು ವಾರ ಸತತ ಗುರುತು ಬಿದ್ದರೆ ಆ ಮನೆಗೆ ಯಾರಾದರೂ ಹೋಗಲೇಬೇಕು. ರೀಚಾರ್ಜ್ ಮುಗಿದಿರಬಹುದು, ಫೋನ್ ಕೆಟ್ಟಿರಬಹುದು. ಮಗು ಕೆಲಸಕ್ಕೆ ಸೇರಿರಬಹುದು, ಮದುವೆಯ ಮಾತೂ ನಡೆದಿರಬಹುದು. ಇದೆಲ್ಲ ಮನೆಗೆ ಹೋದರೆ ಮಾತ್ರ ಗೊತ್ತಾಗುತ್ತದೆ.

ಶಾಲೆ ತೆರೆದ ಮೇಲೆ ಎರವಲು ಫೋನ್‌ಗಳನ್ನು ವಾಪಸ್ ಪಡೆದು, ಮಗುವಿನ ಫೋಟೊ, ಖಾತೆ ಎಲ್ಲ ತೆಗೆದು ರೀಸೆಟ್ ಮಾಡಿ. ಬ್ಯಾಟರಿ ಅರ್ಧದಷ್ಟು ತುಂಬಿಸಿ ಆಫ್ ಮಾಡಿಡಿ. ಪೂರ್ತಿ ಖಾಲಿ ಇಟ್ಟರೆ ಬ್ಯಾಟರಿ ಸಾಯುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಚಾರ್ಜ್ ಮಾಡುವ ಜವಾಬ್ದಾರಿ ಒಬ್ಬರ ಹೆಸರಿಗೆ ಇರಲಿ. ಪ್ರತಿ ಜೂನ್‌ನಲ್ಲಿ ದಾಖಲಾತಿ ನಡೆಯುವಾಗಲೇ, ಹೊಸದಾಗಿ ಸೇರಿದ ಮಕ್ಕಳ ಮನೆಗಳನ್ನೂ ಸೇರಿಸಿ ಮೊದಲ ಹೆಜ್ಜೆಯ ಪಟ್ಟಿಯನ್ನು ಮತ್ತೆ ಬರೆಯಿರಿ. ಹಳೆಯ ಪಟ್ಟಿಯಲ್ಲಿದ್ದ ಫೋನ್ ನಂಬರ್‌ಗಳಿಗೆ ಒಂದೊಂದಾಗಿ ಕರೆ ಮಾಡಿ, ಹತ್ತದವನ್ನು ಅದೇ ವಾರ ಸರಿಪಡಿಸಿ.